ಲೀಲಕ್ಕನಿಗೆ ಬಂದ ಸಂಬಂಧ

ಬಲವಂತದ ಮದುವೆಗಳನ್ನು ನಾನು ಕಂಡಷ್ಟು ನಮ್ಮ ಜಿಲ್ಲೆಯ ಯಾವ ಪುರೋಹಿತರೂ ಕಂಡಿರಲಾರರು. ಇದು ಜಂಬವಲ್ಲ, ತಪ್ಪೊಪ್ಪಿಗೆ. ಮೂವತ್ತಾರು ವರ್ಷ ನಾನು ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಪಂಚಾಂಗ, ಆಮಂತ್ರಣ ಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲವೂ ಮೇಜಿಗೆ ಬರುತ್ತಿದ್ದವು. ಆದರೆ ನನ್ನ ಕಣ್ಣು ಸವೆದದ್ದು ಪ್ರೇಮ ಕಾದಂಬರಿಗಳಿಂದ. ಒಲ್ಲೆನೆಂದು ಅಳುತ್ತಿರುವ ಹುಡುಗಿಯ ಕೊರಳಿಗೆ ತಾಳಿ ಬೀಳುವ ಪುಟ ಎದುರಿಗೆ ಬಂದಾಗ ನನ್ನ ಧರ್ಮ ಒಂದೇ: 'ಮಾಂಗಲ್ಯ'ದ ಸೊನ್ನೆ ಇದೆಯೇ ಎಂದು ನೋಡುವುದು, ಪುಟ ಮಗುಚುವುದು. ಸೊನ್ನೆ ಸರಿಯಿದ್ದರೆ ಮದುವೆಯೂ ಸರಿ.

ಆ ಕಾದಂಬರಿಗಳ ನಾಯಕನೆಂಬ ಪ್ರಾಣಿಯನ್ನು ನೀವೂ ಬಲ್ಲಿರಿ. ಆತ ನಗುವುದಿಲ್ಲ. ನಕ್ಕರೂ ತುಟಿಯ ಒಂದೇ ಅಂಚಿನಿಂದ, ಇನ್ನೊಂದು ಅಂಚನ್ನು ಯಾರೋ ಜಪ್ತಿ ಮಾಡಿಕೊಂಡು ಹೋದ ಹಾಗೆ. ದವಡೆ ಬಿಗಿಹಿಡಿಯುತ್ತಾನೆ. ಇನ್ನೂರು ಪುಟ ಹೀಗೆ ಬಿಗಿಹಿಡಿದರೆ ಹಲ್ಲಿನ ಗತಿ ಏನೆಂದು ಬರೆದವರು ಯೋಚಿಸಿದ್ದಿಲ್ಲ. ಯಾರದೋ ಮೇಲಿನ ಸೇಡಿಗೆ, ಅಥವಾ ಸಾಯಲು ಮಲಗಿದ ತಾತನ ಕೊನೆಯಾಸೆಗೆ (ಈ ತಾತ ಮದುವೆಯ ಮಾರನೆಯ ದಿನವೇ ಗುಣಮುಖನಾಗಿ ಉಪ್ಪಿಟ್ಟು ತಿನ್ನುತ್ತಾನೆ), ನಾಯಕಿಯನ್ನು ಎಳೆದು ತಂದು ಮದುವೆಯಾಗುತ್ತಾನೆ. ಆಮೇಲೆ ಮಾತಾಡಿಸುವುದಿಲ್ಲ. ಅವಳಿಗೆ ಒಂದು ದಿನ ಜ್ವರ ಬರುತ್ತದೆ, ಇವನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಾನೆ, ಅದೇ ಪ್ರೇಮ. ನೂರ ಅರವತ್ತನೆಯ ಪುಟದಲ್ಲಿ ಅವನಿಗೊಬ್ಬಳು ಮಲತಾಯಿ ಇದ್ದಳೆಂದು ತಿಳಿದುಬಂದರೆ, ಹಿಂದಿನ ನೂರ ಐವತ್ತೊಂಬತ್ತು ಪುಟಗಳ ಅಪರಾಧವೂ ಮಾಫಿ.

ಒಮ್ಮೆ ಮಾತ್ರ ನನ್ನ ತಾಳ್ಮೆ ತಪ್ಪಿತು. ಕರಡಿನ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ 'ಇವಳು ಇವನನ್ನು ಬಿಟ್ಟು ಯಾಕೆ ಹೋಗುವುದಿಲ್ಲ?' ಎಂದು ಬರೆದುಬಿಟ್ಟೆ. ಮ್ಯಾನೇಜರು ಒಳಗೆ ಕರೆದರು.

"ಅವಳು ಬಿಟ್ಟು ಹೋದ್ರೆ ಪುಸ್ತಕ ಅರವತ್ತು ಪುಟಕ್ಕೆ ಮುಗೀತದೆ ಮಾರಾಯ್ರೆ. ಉಳಿದ ಕಾಗದ ಎಂತ ಮಾಡುವುದು?"

ಜಗತ್ತಿನ ಎಷ್ಟೋ ದಾಂಪತ್ಯಗಳು ಉಳಿದ ಕಾಗದ ವ್ಯರ್ಥವಾಗಬಾರದೆಂದು ಮುಂದುವರಿಯುತ್ತಿವೆಯೇನೋ ಎಂದುಕೊಂಡು ಮೇಜಿಗೆ ಮರಳಿದೆ. ನಾನು ಅವಿವಾಹಿತ. ನನಗೆ ಇಂಥ ಸಂಶಯಗಳನ್ನು ಪಡುವ ಪೂರ್ಣ ಸ್ವಾತಂತ್ರ್ಯವಿದೆ.

ನಿವೃತ್ತಿಯಾದ ಮೇಲೆ ಈ ನಾಯಕನ ಸಹವಾಸ ಮುಗಿಯಿತೆಂದುಕೊಂಡಿದ್ದೆ. ಆದರೆ ಅವನು ಫೋನಿನೊಳಗೆ ಹೊಕ್ಕಿದ್ದ. ಕಾಪುವಿನ ನಮ್ಮ ಮನೆಯಲ್ಲಿ ನನ್ನ ಜೊತೆ ತಂಗಿ ವಾರಿಜ, ಅವಳ ಗಂಡ, ಮಗಳು ಪ್ರತಿಮಾ ಇದ್ದಾರೆ. ನಮ್ಮದು ಹೆಣ್ಣಿನ ಕಡೆಯಿಂದ ಮನೆತನ ನಡೆಯುವ ಕುಟುಂಬ. ಗಂಡನೇ ಹೆಂಡತಿಯ ಮನೆಗೆ ಬಂದು ನೆಲೆಸುವುದು ಇಲ್ಲಿ ಸಾಮಾನ್ಯ. ಕಾದಂಬರಿಯ ನಾಯಕನೇನಾದರೂ ನಾಯಕಿಯನ್ನು ದರದರನೆ ಎಳೆದುಕೊಂಡು ನಮ್ಮಲ್ಲಿ ಹೊರಟರೆ, ಅವಳ ಮನೆಗೇ ತಲುಪಿ ಚಪ್ಪಲಿ ಬಿಟ್ಟು ಒಳಗೆ ಬರಬೇಕಾದೀತು. ಪ್ರತಿಮಾಳಿಗೆ ಮೂವತ್ತೊಂದು. ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕೆಲಸ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಈ ಎರಡು ಬಸ್ಸುಗಳಲ್ಲಿ ಅವಳು ದಿನಕ್ಕೊಂದು ಕಂತಿನ ಪ್ರೇಮಕಥೆ ಓದಿ, ಸಂಜೆ ಬಂದು ನನಗೆ ವರದಿ ಒಪ್ಪಿಸುತ್ತಾಳೆ.

"ಮಾವ, ಇವತ್ತು ಕರಾರು ಮದುವೆ. ಒಂದು ವರ್ಷಕ್ಕೆ."

"ಹುಡುಗ?"

"ಕಂಪನಿ ಮಾಲೀಕ. ನಗುವುದಿಲ್ಲ."

"ದವಡೆ?"

"ಮೂರನೇ ಸಾಲಿನಲ್ಲೇ ಬಿಗಿದ."

ನಾವಿಬ್ಬರೂ ನಗುತ್ತೇವೆ. ಒಳಗಿನಿಂದ ವಾರಿಜ, "ನಕ್ಕದ್ದು ಸಾಕು. ಇವಳಿಗೆ ನಾಲ್ಕು ಸಂಬಂಧ ತಪ್ಪಿತು, ಗೊತ್ತುಂಟಲ್ಲ?" ಎನ್ನುತ್ತಾಳೆ. ನಗು ಅಲ್ಲಿಗೆ ನಿಲ್ಲುತ್ತದೆ.

ನಾಲ್ಕನೆಯದು ತಪ್ಪಿದ ಮೇಲೆ ವಾರಿಜ ಕಾರ್ಕಳದ ಕಡೆಯ ಒಬ್ಬ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ಕವಡೆ ಎಣಿಸಿದ ಅವರು ತಲೆಯೆತ್ತದೆ ಕೇಳಿದರಂತೆ: "ಮನೆಯಲ್ಲಿ ಮದುವೆಯಾಗದೆ ತೀರಿಹೋದ ಹುಡುಗಿ ಉಂಟಲ್ಲ?"

ಇದ್ದಳು. ನಮ್ಮ ಲೀಲಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಕಾರ್ಕಳದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಇಪ್ಪತ್ತೊಂದಕ್ಕೆ ಕಾಮಾಲೆಯಾಗಿ ಹೋದಳು. ನಲವತ್ತೆಂಟು ವರ್ಷವಾಯಿತು. ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಸತ್ತವರು ಮನೆಗೆ ಬರುತ್ತಾರೆಂಬುದು ನಮ್ಮ ಕಡೆಯ ನಂಬಿಕೆ. ಪ್ರತಿವರ್ಷ ಅವಳಿಗೊಂದು ಎಲೆ ಹಾಕಿ ಬಡಿಸಿ, ಬಾಗಿಲು ಮುಂದೆ ಮಾಡಿ ನಾವು ಹೊರಗೆ ಕೂರುತ್ತೇವೆ. ಆ ದಿನಗಳಲ್ಲಿ ಅಟ್ಟದ ಹಲಗೆ ಒಮ್ಮೊಮ್ಮೆ ಸದ್ದು ಮಾಡುತ್ತದೆ. ಇಲಿ ಎನ್ನುವುದು ನಮ್ಮ ಮನೆಯ ಸಭ್ಯತೆ. ಇಲಿಯ ಕಾಲಿಗೆ ಅಷ್ಟು ಭಾರವಿರುವುದಿಲ್ಲವೆಂದು ಯಾರೂ ಹೇಳುವುದಿಲ್ಲ.

ಹೀಗೆ ಮದುವೆಯಾಗದೆ ಹೋದವರು ಮನೆಯ ಬೇರೆ ಮದುವೆಗಳಿಗೆ ಅಡ್ಡ ಬರುತ್ತಾರೆಂದು ಅವರಿಗೆ ನಮ್ಮಲ್ಲಿ ಆಟಿಯಲ್ಲಿ ಮದುವೆ ಮಾಡುವುದುಂಟು. ಕುಲೆ ಮದಿಮೆ ಎನ್ನುತ್ತಾರೆ. ಕುಲೆಯೆಂದರೆ ಸತ್ತವರ ಜೀವ. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಬೇಕು. ಇದರಲ್ಲಿ ಹುಡುಗಾಟವಿಲ್ಲ. ಬರಿ, ಅಂದರೆ ನಮ್ಮ ಕಡೆಯ ಗೋತ್ರ, ಒಂದೇ ಆಗಬಾರದು. ಹುಡುಗ ಪ್ರಾಯದಲ್ಲಿ ದೊಡ್ಡವನಿರಬೇಕು. ಮನೆ ನೋಡಬೇಕು, ಊಟ ಆಗಬೇಕು, ಸೀರೆ ಬರಬೇಕು. ಲೀಲಕ್ಕನ ಪ್ರಾಯ ಈಗ ಇಪ್ಪತ್ತೊಂದೋ ಅರವತ್ತೊಂಬತ್ತೋ ಎಂದು ನಾನು ಕೇಳಿದ್ದಕ್ಕೆ ವಾರಿಜ, "ಅಣ್ಣ, ನೀವು ಇದರಲ್ಲಿ ಕರಡು ತಿದ್ಲಿಕ್ಕೆ ಬರಬೇಡಿ" ಎಂದಳು.

ಇಂಥ ಸಂಬಂಧಗಳನ್ನು ಕೂಡಿಸುವ ಸಂಕಪ್ಪಣ್ಣ ಎಂಬ ಹಿರಿಯರಿದ್ದಾರೆ. ಬದುಕಿದ್ದವರ ಮದುವೆಗಳನ್ನೂ ಮಾಡಿಸುತ್ತಿದ್ದರು. ಆಮೇಲಾಮೇಲೆ ಆ ವಿಭಾಗವನ್ನು ಬಿಟ್ಟರು. "ಇದರಲ್ಲಿ ಮತ್ತೆ ದೂರು ಬರುವುದಿಲ್ಲ" ಎಂಬುದು ಅವರ ಸಮಾಧಾನ. ಅವರೇ ಎರ್ಮಾಳಿನ ಒಂದು ಸಂಬಂಧ ತಂದರು. ಹುಡುಗನ ಹೆಸರು ಸದಾಶಿವ. ಇಪ್ಪತ್ತಾರಕ್ಕೆ ಬೈಕಿನಿಂದ ಬಿದ್ದು ಹೋದದ್ದು. ಆಟಿಯ ಮೊದಲ ವಾರ, ಒಂದು ಮಧ್ಯಾಹ್ನ, ಅವನ ಅಕ್ಕ ಗುಲಾಬಿಯಮ್ಮ ಸಂಕಪ್ಪಣ್ಣನ ಜೊತೆ ನಮ್ಮ ಮನೆ ನೋಡಲು ಬಂದರು.

ಆಕೆ ಕುಳಿತದ್ದು ಗೋಡೆಯ ಕಡೆಯ ಕುರ್ಚಿಯಲ್ಲಿ. ಪಕ್ಕದ ಕುರ್ಚಿಯನ್ನು ಖಾಲಿ ಬಿಟ್ಟರು. ಅದರ ಮೇಲೆ ಕೈಚೀಲವನ್ನೂ ಇಡಲಿಲ್ಲ. ವಾರಿಜ ಚಹಾ ತಂದವಳು ಏನೂ ಕೇಳದೆ ಆ ಕುರ್ಚಿಯ ಎದುರಿಗೂ ಒಂದು ಲೋಟ ಇಟ್ಟಳು. ಸದಾಶಿವನ ಫೋಟೋ ಕೈಯಿಂದ ಕೈಗೆ ಹೋಯಿತು. ಸ್ಟುಡಿಯೋದ ನೀಲಿ ಪರದೆಯೆದುರು ನಿಂತ ಚೆಲುವ. ತುಟಿ ಬಿಗಿದಿತ್ತು. ಕಣ್ಣು ಫೋಟೋ ತೆಗೆಯುವವನ ಮೇಲೆ ಅಲ್ಲ, ಅವನ ಹಿಂದೆ ನಿಂತ ಯಾರದೋ ಮೇಲಿತ್ತು. ನಾನು ಸುಮ್ಮನೆ ಒಮ್ಮೆ ಹಿಂದೆ ತಿರುಗಿ ನೋಡಿದೆ.

ವಾರಿಜಳ ಗಂಡ, ನನ್ನ ಭಾವ, ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಿತಭಾಷಿ. ಹೆಣ್ಣಿನ ಕಡೆಯವರಾಗಿ ಒಂದಾದರೂ ಪ್ರಶ್ನೆ ಕೇಳಬೇಕಲ್ಲ ಎಂದು ಕೇಳಿದರು: "ಹುಡುಗನಿಗೆ ಕುಡಿತ ಉಂಟಾ?"

"ಈಗ ಇಲ್ಲ" ಎಂದರು ಸಂಕಪ್ಪಣ್ಣ.

ಗುಲಾಬಿಯಮ್ಮ ಮುಚ್ಚಿಡುವ ಹೆಂಗಸಲ್ಲ. "ಸಿಟ್ಟು ಸ್ವಲ್ಪ ಜಾಸ್ತಿ. ಬಟ್ಟಲು ಬಿಸಾಡುವುದಿತ್ತು. ನಗುವುದು ಕಮ್ಮಿ. ಒಂದ್ಸಲ ಹೇಳದೆ ಉಡುಪಿಗೆ ಸಿನೆಮಾಕ್ಕೆ ಹೋದೆ ಅಂತ ನನ್ನನ್ನು ಒಂದು ದಿನ ಇಡೀ ಕೋಣೆಯಲ್ಲಿ ಕೂಡಿ ಹಾಕಿದ್ದ. ಆದರೆ ಮನಸ್ಸು ಚಿನ್ನ. ಒಂದು ಹುಡುಗಿ ಬಂದಿದ್ರೆ ಸರಿಯಾಗ್ತಿದ್ದ."

ಬಾಗಿಲ ಬಳಿ ನಿಂತಿದ್ದ ಪ್ರತಿಮಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮಾವ, ಇವನು ನನ್ನ ಫೋನಿನಿಂದಲೇ ಎದ್ದು ಬಂದ ಹಾಗೆ ಉಂಟು."

ನನಗೆ ನಗು ಬರಲಿಲ್ಲ. ಮೂವತ್ತಾರು ವರ್ಷ ಸೊನ್ನೆ ನೋಡಿ ಒಳಗೆ ಬಿಟ್ಟ ಆ ಗಂಡಸರೆಲ್ಲ ಒಟ್ಟಾಗಿ ಒಂದು ಫೋಟೋದಲ್ಲಿ ನಿಂತು, ನನ್ನ ಅಕ್ಕನನ್ನು ಕೊಡು ಎಂದು ಕೇಳುತ್ತಿದ್ದ ಹಾಗಿತ್ತು.

ಅವರು ಹೊರಟ ಮೇಲೆ ಲೋಟ ತೆಗೆಯಲು ಬಗ್ಗಿದ ವಾರಿಜ ಕೈ ಹಿಂದೆಳೆದಳು. "ಇದು ತಣಿಯಲೇ ಇಲ್ಲ." ಸ್ಟೀಲಿನ ಲೋಟ, ಅದರಲ್ಲೆಂತ ಆಶ್ಚರ್ಯ ಎಂದೆ ನಾನು. ಸ್ಟೀಲಿನ ಲೋಟವೇ ಎಲ್ಲಕ್ಕಿಂತ ಬೇಗ ತಣಿಯುವುದು ಎಂಬುದು ಆಮೇಲೆ ನೆನಪಾಯಿತು.

ಬರಿ ಹೊಂದಿತು, ಜಾತಕ ಹೊಂದಿತು. ದಿನ ಹೇಳಲು ಸಂಕಪ್ಪಣ್ಣ ಮರುದಿನ ಬರುವವರಿದ್ದರು. ಹುಡುಗಿ ಬಳಸಿದ ಏನಾದರೊಂದು ವಸ್ತು ತೆಗೆದಿಡಿ ಎಂದು ಹೇಳಿ ಹೋಗಿದ್ದರು. ಸಂಜೆ ನಾನು ಅಟ್ಟ ಹತ್ತಿದೆ. ಲೀಲಕ್ಕನ ತಗಡಿನ ಪೆಟ್ಟಿಗೆ ಗಾಜಿನ ಹಂಚಿನ ಕೆಳಗಿದೆ. ಮೇಲೊಂದು ಲಂಗ, ಒಂದು ಹಸಿರು ಬಳೆಯ ಜೋಡಿ. ಅಡಿಯಲ್ಲಿ ಪೂರಾ ಕಾದಂಬರಿಗಳು. ಅರ್ಧಕ್ಕರ್ಧ ಪುಸ್ತಕಗಳ ಮೇಲೆ ಕಾರ್ಕಳದ ಬಾಡಿಗೆ ಪುಸ್ತಕದಂಗಡಿಯ ಮೊಹರು. ಹಿಂದಿರುಗಿಸಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಒಂದನ್ನು ಬಿಡಿಸಿದೆ. ಅದೇ ನಾಯಕ. ಆ ಕಾಲದಲ್ಲಿ ಎಸ್ಟೇಟು ಇಟ್ಟುಕೊಂಡಿದ್ದ, ಅಷ್ಟೇ. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲಿನ ಬರಹವಿತ್ತು. ನಾಯಕ ಮೊದಲ ಸಲ ಅಬ್ಬರಿಸಿದಲ್ಲಿ: 'ಇವನ ಅಮ್ಮ ಎಲ್ಲಿ?' ಅವನು ಅವಳ ಕೈ ಹಿಡಿದೆಳೆದಲ್ಲಿ: 'ಬಿಡು.' ಮತ್ತೆ ತಾಳಿ ಕಟ್ಟುವ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ: 'ಅವಳನ್ನು ಕೇಳಿದಿರಾ?'

ಎರಡನೆಯದನ್ನು ತೆಗೆದೆ. ತಾಳಿಯ ಪುಟದಲ್ಲಿ 'ಅವಳನ್ನು ಕೇಳಿದಿರಾ?' ಮೂರನೆಯದು. ನಾಲ್ಕನೆಯದು. ಎಲ್ಲ ಕಡೆಯೂ ಅದೇ. 'ಳ'ದ ಬಾಲವನ್ನು ಓತಿಕ್ಯಾತದ ಬಾಲದಂತೆ ಸುರುಳಿ ಸುತ್ತುವುದು ಲೀಲಕ್ಕನ ಅಭ್ಯಾಸ. ಇಷ್ಟು ವರ್ಷ ನಾನು ಮೇಜಿನೆದುರು ಕುಳಿತು ನೋಡದೆ ಬಿಟ್ಟ ತಪ್ಪನ್ನು, ನಾನು ಕೆಲಸಕ್ಕೆ ಸೇರುವ ಮೊದಲೇ ಅವಳು ತಿದ್ದಿ ಇಟ್ಟಿದ್ದಳು.

ಹೊರಗೆ ಕತ್ತಲಾಗುತ್ತಿತ್ತು. ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಪುಸ್ತಕ ಉಳಿದಿತ್ತು. ಅದರ ರಟ್ಟು ನನಗೆ ಪರಿಚಿತ. ಬಿಡಿಸಿದ ಹೊತ್ತಿಗೆ ಕಡಲತೀರದ ದೀಪಸ್ತಂಭದ ತಿರುಗುವ ಬೆಳಕು ಶುರುವಾಗಿ, ಗಾಜಿನ ಹಂಚಿನಿಂದ ಇಳಿದು ಪುಟವನ್ನು ಒಮ್ಮೆ ಸವರಿ ಹೋಯಿತು. ತಾಳಿಯ ಪುಟ. 'ಅವಳನ್ನು ಕೇಳಿದಿರಾ?' ಅದೇ ಪೆನ್ಸಿಲು, ಅದೇ ಬಾಲ. ಮತ್ತೆ ಕತ್ತಲು. ಮತ್ತೆ ಬೆಳಕು. ಆ ಬೆಳಕಿನಲ್ಲಿ ನನಗೆ ನೆನಪಾಯಿತು: ಈ ಪುಸ್ತಕದ ಕರಡು ತಿದ್ದಿದವನು ನಾನು. ಇದು ಅಚ್ಚಾದಾಗ ಲೀಲಕ್ಕ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು.

ನಾನು ಅಟ್ಟದಿಂದ ಹೇಗೆ ಇಳಿದೆನೆಂಬುದು ಘನತೆಯ ವಿಷಯವಾದ್ದರಿಂದ ವಿವರಿಸುವುದಿಲ್ಲ. ಒಂದು ಚಪ್ಪಲಿ ಆ ರಾತ್ರಿ ಮೇಲೆಯೇ ಉಳಿಯಿತು; ಪುಸ್ತಕ ಮಾತ್ರ ಕಂಕುಳಲ್ಲಿತ್ತು.

ಮರುದಿನ ಸಂಕಪ್ಪಣ್ಣ ಪಂಚಾಂಗ ಬಿಚ್ಚಿದರು. ನಾನು ಗಂಟಲು ಸರಿಮಾಡಿಕೊಂಡು, "ದಿನ ನೋಡುವ ಮೊದಲು ಹುಡುಗಿಯನ್ನು ಒಂದು ಮಾತು ಕೇಳಬೇಕು" ಎಂದೆ.

"ಯಾವ ಹುಡುಗಿಯನ್ನು?"

"ಲೀಲಕ್ಕನನ್ನು."

ಸಂಕಪ್ಪಣ್ಣ ಕನ್ನಡಕ ತೆಗೆದರು. "ಸತ್ತವರನ್ನು ಕೇಳುವ ಕ್ರಮ ಇಲ್ಲ ಮಾರಾಯ್ರೆ."

"ಬದುಕಿದ್ದವರನ್ನು ಕೇಳುವ ಕ್ರಮ ಉಂಟಾ?" ಎಂದಳು ಪ್ರತಿಮಾ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನಿಲ್ಲಲಿಲ್ಲ. "ಅಮ್ಮ, ದೊಡ್ಡಮ್ಮನನ್ನು ಯಾಕೆ ದೂರುವುದು? ಆ ನಾಲ್ಕು ಜನಕ್ಕೂ ಫೋನ್ ಮಾಡಿ ಬೇಡ ಅಂದದ್ದು ನಾನೇ. ಒಬ್ಬ, ಮದುವೆಯಾದ ಮೇಲೆ ನನ್ನನ್ನು ಸರಿಮಾಡ್ತೇನೆ ಅಂದ. ಇನ್ನೊಬ್ಬ ನಗಲೇ ಇಲ್ಲ. ನಿಮಗೆ ಹೇಳಿದ್ರೆ ಕೇಳ್ತಿರಲಿಲ್ಲ."

ಈ ಹೊತ್ತಿನಲ್ಲಿ ವಾರಿಜ ಸಿಡಿಯುತ್ತಾಳೆಂದು ನಾನು ಎಣಿಸಿದೆ. ಅದನ್ನು ತಪ್ಪಿಸಲು ನನ್ನ ಬ್ರಹ್ಮಾಸ್ತ್ರ ತೆಗೆದೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಪುಟ ಬಿಡಿಸಿ, ತಗ್ಗಿದ ಧ್ವನಿಯಲ್ಲಿ ಹೇಳಿದೆ: "ನೋಡಿ. ಲೀಲಕ್ಕ ಬರೆದದ್ದು. ತೀರಿಹೋಗಿ ಹನ್ನೊಂದು ವರ್ಷದ ಮೇಲೆ."

ಸಂಕಪ್ಪಣ್ಣನ ಕೈ ಮೆಲ್ಲಗೆ ಪಂಚಾಂಗವನ್ನು ಮುಚ್ಚಿತು. ನಲವತ್ತು ವರ್ಷ ಸತ್ತವರ ಜೊತೆ ವ್ಯವಹರಿಸಿದ ಮನುಷ್ಯ. ಆದರೆ ಸತ್ತವರು ಲಿಖಿತವಾಗಿ ಉತ್ತರ ಕೊಟ್ಟದ್ದನ್ನು ಕಂಡಿರಲಿಲ್ಲ. ಅಟ್ಟದಲ್ಲಿ ಹಲಗೆ ಒಮ್ಮೆ ಸದ್ದು ಮಾಡಿತು. ಯಾರೂ ಇಲಿ ಎನ್ನಲಿಲ್ಲ.

ವಾರಿಜ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಪೆನ್ಸಿಲಿನ ಅಕ್ಷರದ ಮೇಲೆ ಬೆರಳಾಡಿಸಿದಳು.

"ಇದು ನಾನು ಬರೆದದ್ದು" ಎಂದಳು.

ನಾನು ಪುಸ್ತಕವನ್ನು ಮತ್ತೆ ನನ್ನ ಕಡೆ ತಿರುಗಿಸಿ 'ಳ'ದ ಬಾಲ ನೋಡಿದೆ.

"ನನಗೆ ಅಕ್ಷರ ಕಲಿಸಿದ್ದು ಲೀಲಕ್ಕ ಅಲ್ವಾ? ನನ್ನ ಕೈ ಹಿಡಿದು ಬರೆಸಿದ್ದು. ಅವಳ ಪುಸ್ತಕಗಳನ್ನು ಎಷ್ಟು ಸಲ ಓದಿದ್ದೇನೆ. ಇದನ್ನು ಅಚ್ಚುಕೂಟದಿಂದ ತಂದುಕೊಟ್ಟದ್ದು ನೀವೇ ಅಣ್ಣ. ನೆನಪಿಲ್ಲವಾ? ನನ್ನ ಮದುವೆಗೆ ಎಂಟು ದಿನ ಇತ್ತು."

ನೆನಪಿತ್ತು. ಆ ಸಂಬಂಧಕ್ಕೆ ಮನೆಯ ಗಂಡಸಾಗಿ ಹೂಂ ಎಂದವನು ನಾನು. ಒಳ್ಳೆಯ ಜನ, ಸರಕಾರಿ ಕೆಲಸ, ಬರಿ ಬೇರೆ. ಎಲ್ಲ ನೋಡಿದ್ದೆ. ಸೊನ್ನೆ ಸಮೇತ ನೋಡಿದ್ದೆ. ಆಮಂತ್ರಣ ಪತ್ರದ ಕರಡನ್ನು ಎರಡು ಸಲ ತಿದ್ದಿದ್ದೆ. ವಾರಿಜಳ ಹೆಸರು ಅದರಲ್ಲಿ ಸರಿಯಾಗಿಯೇ ಅಚ್ಚಾಗಿತ್ತು. ಹೊತ್ತು ಹೋಗದೆ ಬೇಜಾರಾದೀತೆಂದು ಅವಳಿಗೊಂದು ಕಾದಂಬರಿ ತಂದುಕೊಟ್ಟೆ. ಅವಳು ಅದನ್ನು ಓದಿ, ಉತ್ತರ ಬರೆದು, ಅಕ್ಕನ ಪೆಟ್ಟಿಗೆಗೆ ಹಾಕಿದ್ದಳು. ಮೂವತ್ತೇಳು ವರ್ಷ ಆ ಪ್ರಶ್ನೆ ನನ್ನ ತಲೆಯ ಮೇಲಿನ ಹಲಗೆಯಲ್ಲಿ ಮಲಗಿತ್ತು. ಪ್ರೇತವೆಂದು ನಾನು ಹೆದರಿ ಓಡಿಬಂದದ್ದು, ದಿನಾ ನನಗೆ ಗಂಜಿ ಬಡಿಸುವ ತಂಗಿಗೆ. ದೆವ್ವವಾಗಿದ್ದರೆ ಎಷ್ಟೋ ವಾಸಿಯಿತ್ತು. ದೆವ್ವಕ್ಕೆ ಒಂದು ಶಾಂತಿ ಮಾಡಿಸಿ ಮುಗಿಸಬಹುದು.

"ನಿನ್ನನ್ನು ಕೇಳಬೇಕಿತ್ತು" ಎಂದೆ.

"ಈಗ ಕೇಳಿ."

ನಾನು ನಗಬೇಕೋ ಬೇಡವೋ ತಿಳಿಯದೆ ಭಾವನ ಕಡೆ ನೋಡಿದೆ. ಅವರು ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ಅಲುಗುತ್ತಿರಲಿಲ್ಲ.

"ವಾರಿಜ," ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ, "ಅಂಚೆ ಕಚೇರಿಯ ಹುಡುಗ. ಈ ಸಂಬಂಧ ನಿನಗೆ ಒಪ್ಪಿಗೆಯಾ?"

ಅವಳು ಸೆರಗಿನಿಂದ ಪುಸ್ತಕದ ಧೂಳು ಒರೆಸಿದಳು. ಜಗಲಿಯ ಕಡೆ ಒಮ್ಮೆ ನೋಡಿದಳು. ಮಗಳನ್ನು ಒಮ್ಮೆ ನೋಡಿದಳು.

"ಯೋಚಿಸಿ ಹೇಳ್ತೇನೆ" ಎಂದು ಒಳಗೆ ಹೋದಳು.

ಸಂಕಪ್ಪಣ್ಣ ಚಹಾ ಕೂಡ ಕುಡಿಯದೆ ಎದ್ದರು. ಬೇಡವೆಂದು ಹೇಳಲು ಎರ್ಮಾಳಿಗೆ ನಾನೇ ಹೋಗಬೇಕಾಯಿತು. ಗುಲಾಬಿಯಮ್ಮ ನನ್ನನ್ನು ಕೂರಿಸಿ ಎರಡು ಲೋಟ ತಂದರು. ಒಂದನ್ನು ನನ್ನ ಮುಂದೆ, ಇನ್ನೊಂದನ್ನು ನನ್ನ ಪಕ್ಕದ ಖಾಲಿ ಕುರ್ಚಿಯ ಮುಂದೆ ಇಟ್ಟರು. ನಾನು ಆ ಕಡೆ ನೋಡದೆ ಹೇಳಬೇಕಾದದ್ದನ್ನು ಹೇಳಿದೆ. ಬೈಯುತ್ತಾರೆಂದು ಕಾದೆ. ಆಕೆ ಗೋಡೆಯ ಫೋಟೋವನ್ನು ನೋಡುತ್ತ, "ಅವನನ್ನೂ ನಾವು ಕೇಳಲಿಲ್ಲ ನೋಡಿ" ಎಂದರು. "ಬದುಕಿದ್ದಾಗಲೂ ಕೇಳಿದ್ದಿಲ್ಲ. ಓದು ಬಿಡಿಸಿದೆವು, ಮೀನಿನ ದೋಣಿಗೆ ಕಳಿಸಿದೆವು. ಆಮೇಲೆ ಸಿಟ್ಟು ಜಾಸ್ತಿ ಅಂತ ಹೇಳಿದೆವು."

ಇದನ್ನು ಕೇಳಿ ನನ್ನ ಹಳೆಯ ಶತ್ರುವಿನ ಮೇಲೆ ಮೊದಲ ಸಲ ಒಂದಿಷ್ಟು ಕನಿಕರ ಹುಟ್ಟಿತು. ಪಾಪ, ಅವನನ್ನೂ ಯಾರು ಕೇಳಿದ್ದಾರೆ? ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಅಚ್ಚು ಹಾಕುತ್ತಾರೆ, ಮತ್ತೊಬ್ಬ ಸೊನ್ನೆ ನೋಡಿ ಒಳಗೆ ಬಿಡುತ್ತಾನೆ. ನಗಬೇಕೆನಿಸಿದರೂ ದವಡೆ ಬಿಗಿಹಿಡಿದು ಇನ್ನೂರು ಪುಟ ನಿಂತಿರಬೇಕು. ಹಾಗೆಂದು ಅವನಿಗೆ ಅಕ್ಕನನ್ನು ಕೊಡಲಾಗುವುದಿಲ್ಲ. ಹೊರಡುವಾಗ ಪಕ್ಕದ ಲೋಟವನ್ನು ಮುಟ್ಟಿ ನೋಡುವ ಆಸೆಯಾಯಿತು. ಮುಟ್ಟಲಿಲ್ಲ. ಕೆಲವು ಕರಡುಗಳನ್ನು ತಿದ್ದದೆ ಬಿಡುವುದು ಕ್ಷೇಮ.

ಆಟಿ ಕಳೆದು ಸೋಣ ತಿಂಗಳು ಬಂದಿದೆ. ಐದನೆಯ ಸಂಬಂಧದ ಜಾತಕವನ್ನು ವಾರಿಜ ನೇರವಾಗಿ ಮಗಳ ಕೈಗೇ ಕೊಟ್ಟಳು; ಅದು ಪ್ರತಿಮಾಳ ಚೀಲದಲ್ಲಿ ದಿನಾ ಎರಡು ಬಸ್ಸು ಹತ್ತಿ ಇಳಿಯುತ್ತಿದೆ. ಅವಳು ಬೇರೆ ನನ್ನನ್ನು ಹೆದರಿಸುತ್ತಾಳೆ: "ಮಾವ, ನಿಮಗೂ ಮದುವೆ ಆಗಿಲ್ಲ. ಮುಂದೆ ನಾವೇ ಹುಡುಕಬೇಕಾದೀತು." ನಾನು ಎಚ್ಚರಿಕೆಗೆ ಒಂದು ಚೀಟಿಯಲ್ಲಿ 'ಮೊದಲು ನನ್ನನ್ನು ಕೇಳಿ' ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದು ಲೀಲಕ್ಕನ ಪೆಟ್ಟಿಗೆಗೆ ಹಾಕಿ ಬಂದಿದ್ದೇನೆ. ಹಗಲು ಹನ್ನೆರಡು ಗಂಟೆಗೆ.

ವಾರಿಜ ಮಾತ್ರ ಇನ್ನೂ ಉತ್ತರ ಹೇಳಿಲ್ಲ. ಅಡುಗೆ ಮಾಡುತ್ತಾಳೆ, ಬೈಯುತ್ತಾಳೆ, ಹೂ ಕೊಯ್ಯುತ್ತಾಳೆ. ಎಲ್ಲವನ್ನೂ ಯೋಚಿಸುತ್ತಿರುವವಳ ಹಾಗೆ. ಭಾವ ದಿನಕ್ಕೊಮ್ಮೆ ನನ್ನ ಬಳಿ ಬಂದು ತಗ್ಗಿದ ಧ್ವನಿಯಲ್ಲಿ ಕೇಳುತ್ತಾರೆ: "ಎಂತಾದ್ರೂ ಹೇಳಿದಳಾ?"

"ಇಲ್ಲ ಭಾವ."

ಆಗ ಅಟ್ಟದಲ್ಲಿ ಹಲಗೆ ಒಮ್ಮೆ ಸದ್ದು ಮಾಡುತ್ತದೆ. ಭಾವ ಮೇಲೆ ನೋಡುತ್ತಾರೆ, ಅಡುಗೆಮನೆಯ ಕಡೆ ನೋಡುತ್ತಾರೆ. ಆಮೇಲೆ ಮೆಲ್ಲಗೆ ಎದ್ದು, ಮೂವತ್ತೇಳು ವರ್ಷ ಒಮ್ಮೆಯೂ ಹಾಗೆ ಮಾಡದವರು, ತಾವು ಕುಡಿದ ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಬರುತ್ತಾರೆ.